ಮೈ ಹಾಜರಿ, ಮನಸ್ಸು ಗೈರುಹಾಜರಿ

ಮಠಕ್ಕೆ ಬರುವ ತಂದೆತಾಯಿಗಳು ಹಿಂದೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಬುದ್ಧೀ, ಹುಡುಗಂಗೆ ಎಲ್ಲಾದ್ರೂ ಒಂದು ಕೆಲಸ ಆಗೋ ಹಂಗೆ ಆಶೀರ್ವಾದ ಮಾಡ್ಬೇಕು." ಈಗ ಆ ಮಾತಿನ ಬೆನ್ನಿಗೇ ಇನ್ನೊಂದು ಸೇರಿಕೊಂಡಿದೆ. "ಕೆಲಸ ಏನೋ ಆಗೈತೆ ಬುದ್ಧೀ, ಆದ್ರೆ ಅವಂಗೆ ಅದರ ಮ್ಯಾಲೆ ಮನಸ್ಸಿಲ್ಲ. ಎರಡು ವರ್ಷದಾಗೆ ಮೂರು ಕಡೆ ಬಿಟ್ಟ. ಈಗ ಇರೋ ಕಡೆಗೂ ಬೆಳಗ್ಗೆ ಹೋಗಾಕೆ ಮುಖ ಸಿಂಡರಿಸ್ತಾನೆ." ಇದನ್ನು ಹೇಳುವಾಗ ಹಿರಿಯರ ಮುಖದಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಾಗಿ ಕಾಣುತ್ತದೆ. ಹೊಲ ಒತ್ತೆ ಇಟ್ಟು ಓದಿಸಿದವರಿಗೆ ಹಾಗಾಗುವುದು ಸಹಜವೇ. ನಾಲ್ಕು ಬುದ್ಧಿಮಾತು ಹೇಳಿ ಎಂದು ಹುಡುಗನನ್ನು ನಮ್ಮೆದುರು ತಂದು ಕೂರಿಸುತ್ತಾರೆ. ಹುಡುಗ ತಲೆ ತಗ್ಗಿಸಿ ಕೂರುತ್ತಾನೆ. ಆಗ ನಾವು ಬುದ್ಧಿ ಹೇಳುವ ಬದಲು ಅವನನ್ನೇ ಕೇಳುತ್ತೇವೆ: "ಅಲ್ಲಿ ದಿನವಿಡೀ ಏನು ಮಾಡ್ತೀಯಪ್ಪಾ? ನೀನು ಮಾಡಿದ್ದನ್ನು ಯಾರು ನೋಡ್ತಾರೆ? ತಪ್ಪಾದರೆ ಏನಂತಾರೆ?" ಅಪ್ಪ ಒಂದು ದಿನವೂ ಕೇಳದ ಈ ಪ್ರಶ್ನೆಗಳಿಗೆ ಹುಡುಗ ಕೊಡುವ ಉತ್ತರ ಕೇಳಿದರೆ, ಮನಸ್ಸಿಲ್ಲದಿರುವುದು ಅವನೊಬ್ಬನ ದೋಷವೆಂದು ಹೇಳಲು ನಾಲಿಗೆ ಬರುವುದಿಲ್ಲ.

ಈಗಿನ ಹುಡುಗರಿಗೆ ದುಡಿಮೆ ಬೇಡ, ಮೈಗಳ್ಳರಾಗಿದ್ದಾರೆ ಎಂಬುದು ಹಿರಿಯರ ಕಟ್ಟೆಯ ಮೇಲಿನ ತೀರ್ಮಾನ. ಮೈಗಳ್ಳರು ಎಲ್ಲ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ, ಅವರ ಮಾತು ಬಿಡೋಣ. ಒಬ್ಬನೇ ಮನುಷ್ಯ ಒಂದು ಕಡೆ ಮನಸ್ಸಿಟ್ಟು ದುಡಿದು, ಇನ್ನೊಂದು ಕಡೆ ಬರೀ ಹೊತ್ತು ಕಳೆಯುತ್ತಾನಲ್ಲ, ಅದಕ್ಕೇನು ಕಾರಣ? ಈ ಪ್ರಶ್ನೆಯ ಉತ್ತರಕ್ಕೆ ದೂರ ಹೋಗಬೇಕಿಲ್ಲ, ನಿಮ್ಮ ಹೊಲದಲ್ಲೇ ಇದೆ. ದಿನಗೂಲಿಯವರು ಬಂದ ದಿನ ಯಜಮಾನ ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲಬೇಕು. ಅವನು ಬೀಡಿ ಹಚ್ಚಲು ಆಚೆ ತಿರುಗಿದರೆ ಕುಡುಗೋಲೂ ನಿಲ್ಲುತ್ತದೆ. ಅದೇ ಮಂದಿ ಮುಯ್ಯಾಳಿಗೆ ಬಂದ ದಿನ ನೋಡಿ. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಸರದಿಯ ಮೇಲೆ ಒಬ್ಬರಿಗೊಬ್ಬರು ಆಗುವ ಆ ಪದ್ಧತಿಯಲ್ಲಿ ಕಾವಲು ಬೇಕಿಲ್ಲ. ಹಾಡು ಇರುತ್ತದೆ, ನಗೆಚಾಟಿಕೆ ಇರುತ್ತದೆ, ಹೊತ್ತು ಇಳಿಯುವುದರೊಳಗೆ ಕೆಲಸವೂ ಮುಗಿದಿರುತ್ತದೆ. ಕೈಯೂ ಅದೇ, ಕುಡುಗೋಲೂ ಅದೇ. ಬದಲಾದದ್ದು ಕೆಲಸಗಾರನಲ್ಲ, ಕೆಲಸವನ್ನು ಹೊಂದಿಸಿದ ರೀತಿ. ಮುಯ್ಯಾಳಿನಲ್ಲಿ ಪ್ರತಿಯೊಬ್ಬನೂ ಒಂದು ದಿನ ಯಜಮಾನ, ಉಳಿದ ದಿನ ಆಳು. ಆ ದಿನ ನೆನಪಿರುವುದರಿಂದ ಈ ದಿನ ಕಳ್ಳಾಟ ನಡೆಯದು.

ಮುಯ್ಯಾಳು ಹಳ್ಳಿಯ ಸಣ್ಣ ಮಾತು, ದೊಡ್ಡ ಕಾರ್ಖಾನೆಗೆ ಅದು ಒಗ್ಗುವುದುಂಟೇ ಎಂದು ಕೇಳುವವರಿದ್ದಾರೆ. ಅವರಿಗಾಗಿ ಅಹಮದಾಬಾದಿನ ಒಂದು ಬಟ್ಟೆ ಮಿಲ್ಲಿನ ಕಥೆ ಹೇಳುತ್ತೇವೆ. ಕಥೆಯೆಂದೆವು, ಆದರೆ ಇದು ನಡೆದದ್ದು.

ಸಾರಾಭಾಯಿ ಮನೆತನದ ಕ್ಯಾಲಿಕೊ ಮಿಲ್ಲು ದೇಶಕ್ಕೆಲ್ಲ ಹೆಸರಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದ ಆರಂಭದಲ್ಲಿ ಅಲ್ಲಿಗೆ ತಾನಾಗಿ ನಡೆಯುವ ಹೊಸ ಮಗ್ಗಗಳು ಬಂದವು. ಯಂತ್ರ ಹೊಸದು, ಸಂಬಳಕ್ಕೂ ಕೊರತೆಯಿಲ್ಲ. ಯಾರು ಎಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಮಾಡಬಹುದೆಂದು ಗಡಿಯಾರ ಹಿಡಿದು ಅಳೆದು ಹಂಚಿಕೊಟ್ಟಿದ್ದರು. ಆದರೂ ಎಣಿಸಿದಷ್ಟು ಬಟ್ಟೆ ಹೊರಬರಲಿಲ್ಲ, ಬಂದ ಬಟ್ಟೆಯಲ್ಲಿ ದೋಷವೂ ತಗ್ಗಲಿಲ್ಲ. ಮಿಲ್ಲಿನ ಮುಖ್ಯಸ್ಥರಾಗಿದ್ದ ಗೌತಮ ಸಾರಾಭಾಯಿಯವರು ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಎ. ಕೆ. ರೈಸ್ ಎಂಬವರನ್ನು ಕರೆಸಿಕೊಂಡರು. ಇದು 1953ರ ಮಾತು. ರೈಸ್ ಬಂದವರೇ ಕೆಲಸಗಾರರಿಗೆ ಉಪದೇಶ ಮಾಡಲಿಲ್ಲ. ಶೆಡ್ಡಿನಲ್ಲಿ ನಿಂತು, ಯಾರ ಕೆಲಸ ಯಾರಿಗೆ ಹೇಗೆ ತಾಗುತ್ತದೆ ಎಂದು ನೋಡಿದರು.

ಅವರು ಕಂಡದ್ದು ಹೀಗಿತ್ತು. 224 ಮಗ್ಗಗಳಿಗೆ 29 ಮಂದಿ. ಆ 29 ಮಂದಿಗೆ 12 ಬಗೆಯ ಕೆಲಸ. ನೇಯುವವನು ಬೇರೆ, ಕಂಡಿಕೆ ತುಂಬುವವನು ಬೇರೆ, ಎಳೆ ಹರಿದಾಗ ಜೋಡಿಸುವವನು ಬೇರೆ, ಎಣ್ಣೆ ಬಿಡುವವನು ಬೇರೆ, ಬಟ್ಟೆ ಹೊರುವವನು ಬೇರೆ, ಗುಡಿಸುವವನು ಬೇರೆ. ಪ್ರತಿಯೊಬ್ಬನಿಗೂ ಹಂಚಿದ ಮಗ್ಗಗಳ ಸಂಖ್ಯೆಯೂ ಬೇರೆ. ಹಾಗಾಗಿ ಒಬ್ಬ ನೇಕಾರನ ಮಗ್ಗಗಳಿಗೆ ಕಂಡಿಕೆ ತುಂಬುವವನು ಅವನೊಬ್ಬನ ಜೊತೆಗಾರನಲ್ಲ, ಇನ್ನಿಬ್ಬರಿಗೂ ಸೇರಿದವನು. ಎಳೆ ಜೋಡಿಸುವವನು ಇನ್ನೂ ಹಲವರಿಗೆ ಸೇರಿದವನು. ಎಳೆ ಹರಿದು ಮಗ್ಗ ನಿಂತರೆ ಅವನನ್ನು ಕರೆಯಬೇಕು, ಅವನು ಇನ್ನೊಂದು ಕಡೆ ಇರುತ್ತಾನೆ, ಬರುವ ತನಕ ಇವನು ಸುಮ್ಮನೆ ನಿಲ್ಲಬೇಕು. ಬಟ್ಟೆ ಕೆಟ್ಟರೆ ಯಾರದು ತಪ್ಪು? ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸುವುದಕ್ಕೆ ಆ ಏರ್ಪಾಡು ಹೇಳಿ ಮಾಡಿಸಿದಂತಿತ್ತು. ಇಪ್ಪತ್ತೊಂಬತ್ತು ಮಂದಿ ಒಂದೇ ಸೂರಿನಡಿ ಇದ್ದರೂ ಒಂದು ಗುಂಪಾಗಿರಲಿಲ್ಲ. ಮನೆ ತುಂಬ ಜನರಿದ್ದು ಒಲೆ ಹಚ್ಚುವವರಿಲ್ಲ ಎನ್ನುತ್ತಾರಲ್ಲ, ಹಾಗೆ.

ರೈಸ್ ಸೂಚಿಸಿದ್ದು ಸರಳ. ಮಗ್ಗಗಳನ್ನು ಗುಂಪು ಮಾಡಿ, ಪ್ರತಿ ಗುಂಪಿನ ಮಗ್ಗಗಳನ್ನು ಒಂದು ಸಣ್ಣ ಬಳಗಕ್ಕೆ ಪೂರ್ತಿಯಾಗಿ ಒಪ್ಪಿಸಿಬಿಡಿ. 64 ಮಗ್ಗಗಳಿಗೆ ಏಳು ಮಂದಿ. ಕೆಲಸವನ್ನು ತಮ್ಮೊಳಗೆ ಅವರೇ ಹಂಚಿಕೊಳ್ಳಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿಯಲಿ, ಹೊರಬರುವ ಬಟ್ಟೆಗೆ ಏಳು ಮಂದಿಯೂ ಹೊಣೆ. ಇಲ್ಲಿ ಭಕ್ತಬಾಂಧವರು ಗಮನಿಸಬೇಕಾದ ಸಂಗತಿಯೊಂದಿದೆ. ಈ ವಿಚಾರ ಮೇಲ್ವಿಚಾರಕರ ಮೂಲಕ ಕೆಲಸಗಾರರ ಕಿವಿಗೆ ಬಿದ್ದದ್ದೇ ತಡ, ಆಡಳಿತದವರು ಆದೇಶ ಹೊರಡಿಸುವುದಕ್ಕೆ ಕಾಯದೆ, ಯಾರ ಜೊತೆ ಯಾರು ಎಂದು ಅವರವರೇ ಮಾತಾಡಿಕೊಂಡು ಗುಂಪು ಕಟ್ಟಿಕೊಂಡರು. ಇಂಥವನ ಜೊತೆ ನಾನು ದುಡಿಯಬಲ್ಲೆ ಎಂಬುದು ಅವರಿಗೆ ಗೊತ್ತಿತ್ತು. ಕಛೇರಿಯಲ್ಲಿ ಕೂತವನಿಗೆ ಅದು ಹೇಗೆ ಗೊತ್ತಾಗಬೇಕು? ಮೊದಮೊದಲು ಏರಿಳಿತಗಳಾದವು. ಆಮೇಲೆ ನೆಲೆಗೊಂಡಾಗ, ಮಗ್ಗಗಳ ದಕ್ಷತೆ ನೂರಕ್ಕೆ ಸುಮಾರು 80 ಇದ್ದದ್ದು 95ಕ್ಕೆ ಏರಿತು. ದೋಷವಿರುವ ಬಟ್ಟೆ ನೂರಕ್ಕೆ ಸುಮಾರು 32 ಇದ್ದದ್ದು 20ಕ್ಕೆ ಇಳಿಯಿತು. ಊರೂ ಅದೇ, ಯಂತ್ರವೂ ಅದೇ, ಜನರೂ ಅವರೇ.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕೇಳಲು ಚಂದ. ಆದರೆ ಮುಂದಿನದನ್ನೂ ಹೇಳಬೇಕು. ಹದಿನೇಳು ವರ್ಷದ ಮೇಲೆ, 1970ರಲ್ಲಿ, ರೈಸ್ ಅವರ ಸಹೋದ್ಯೋಗಿ ಮಿಲ್ಲರ್ ಎಂಬವರು ಮತ್ತೆ ಹೋಗಿ ನೋಡಿದರು. ಒಂದು ಶೆಡ್ಡಿನಲ್ಲಿ ಗುಂಪಿನ ಪದ್ಧತಿ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು, ಕೆಲಸದ ಮಟ್ಟವೂ ಉಳಿದಿತ್ತು. ಉಳಿದ ಕಡೆ ಅದು ಸವೆದುಹೋಗಿ ಹಳೆಯ ದಾರಿಗೇ ಮರಳಿತ್ತು. ಮಾರುಕಟ್ಟೆ ಬದಲಾಗಿ ಒತ್ತಡ ಬಂದಾಗ, ಮೇಲಿನವರು ಆ ಗುಂಪುಗಳಿಗೆ ಕೊಟ್ಟಿದ್ದ ಸ್ವಾತಂತ್ರ್ಯವನ್ನೂ ರಕ್ಷಣೆಯನ್ನೂ ಕಾಪಾಡಿಕೊಳ್ಳಲಿಲ್ಲ. ಇಂದು ಆ ಮಿಲ್ಲೂ ಇಲ್ಲ. 1990ರ ದಶಕದಲ್ಲಿ ಅದು ಮುಚ್ಚಿತು. ಒಮ್ಮೆ ಮನಸ್ಸು ಗೆದ್ದರೆ ಕೆಲಸಗಾರ ಕೊನೆಯತನಕ ನಮ್ಮವನೇ ಎಂದು ತಿಳಿದವರು ಈ ಎರಡನೆಯ ಭಾಗವನ್ನು ಓದುವುದೇ ಇಲ್ಲ. ಬಾವಿ ತೋಡಿದ ಮೇಲೆ ಹೂಳು ತೆಗೆಯುತ್ತಿರಬೇಕೆಂದು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಹಮದಾಬಾದಿನ ಬಗ್ಗೆಯೇ ಇನ್ನೊಂದು ಮಾತು. ರೈಸ್ ಬರುವುದಕ್ಕೆ 35 ವರ್ಷ ಮೊದಲು, 1918ರಲ್ಲಿ, ಅದೇ ಊರಿನ ಮಿಲ್ಲು ಕಾರ್ಮಿಕರು ಮುಷ್ಕರ ಹೂಡಿದ್ದರು. ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಹೆಚ್ಚುವರಿ ಹಣವನ್ನು ಮಾಲೀಕರು ನಿಲ್ಲಿಸಿದ್ದು ಕಾರಣ. ಕಾರ್ಮಿಕರು ಕೇಳಿದ್ದು ನೂರಕ್ಕೆ 35ರ ಏರಿಕೆ, ಮಾಲೀಕರು ಕೊಡುತ್ತೇವೆಂದದ್ದು 20. ಮಾಲೀಕರ ಕಡೆಯ ಮುಖಂಡರು ಗೌತಮರ ತಂದೆ ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಕಡೆ ನಿಂತವರು ಅಂಬಾಲಾಲರ ಒಡಹುಟ್ಟಿದ ಅಕ್ಕ ಅನಸೂಯಾಬೆನ್. ಗಾಂಧೀಜಿ ಕಾರ್ಮಿಕರ ಪರವಾಗಿ ಉಪವಾಸ ಕೂತರು, ಮೂರನೆಯ ದಿನ ಪಂಚಾಯ್ತಿಗೆ ಒಪ್ಪಿಗೆಯಾಯಿತು, ಕೊನೆಗೆ ತೀರ್ಪು 35ಕ್ಕೇ ಬಂತು. 1920ರಲ್ಲಿ ಮಜೂರ್ ಮಹಾಜನ ಎಂಬ ಕಾರ್ಮಿಕ ಸಂಘವೂ ಹುಟ್ಟಿತು. ಇದನ್ನು ಏಕೆ ನೆನಪಿಸುತ್ತೇವೆಂದರೆ, ಹೊಟ್ಟೆಯ ಲೆಕ್ಕ ಚುಕ್ತಾ ಮಾಡದೆ ಮನಸ್ಸಿನ ಮಾತು ಆಡುವವರು ಈಗ ಬಹಳವಾಗಿದ್ದಾರೆ. ವರ್ಷಕ್ಕೊಮ್ಮೆ ಊಟ ಹಾಕಿಸಿ, ಕೊರಳಿಗೆ ಹಾರ ಹಾಕಿ, "ನಾವೆಲ್ಲ ಒಂದೇ ಕುಟುಂಬ" ಎಂದು ಭಾಷಣ ಮಾಡುತ್ತಾರೆ. ಕುಟುಂಬದಲ್ಲಿ ಅಣ್ಣ ಉಂಡು ತಮ್ಮ ಉಪವಾಸ ಇರುವುದಿಲ್ಲವಲ್ಲ!

ಸಂಬಳವೊಂದನ್ನೇ ಏರಿಸಿದರೆ ಮನಸ್ಸು ಬರುತ್ತದೆಯೇ? ಅದೂ ಪೂರ್ತಿ ನಿಜವಲ್ಲ. ಹರ್ಜ್‌ಬರ್ಗ್ ಎಂಬ ಅಮೆರಿಕದ ವಿದ್ವಾಂಸರು ಪಿಟ್ಸ್‌ಬರ್ಗಿನ ಸುಮಾರು 200 ಮಂದಿ ಇಂಜಿನಿಯರುಗಳು ಮತ್ತು ಲೆಕ್ಕಿಗರನ್ನು ವಿಚಾರಿಸಿ 1959ರಲ್ಲಿ ಪುಸ್ತಕ ಬರೆದರು. ಸಂಬಳ, ನಿಯಮ, ಮೇಲಿನವರ ವರ್ತನೆ ಇವು ಕೆಟ್ಟರೆ ಜನ ನೊಂದುಕೊಳ್ಳುತ್ತಾರೆ. ಇವು ಸರಿಯಿದ್ದ ಮಾತ್ರಕ್ಕೆ ಹುರುಪು ಬಂದುಬಿಡುವುದಿಲ್ಲ. ಏನನ್ನೋ ಸಾಧಿಸಿದೆ, ಅದನ್ನು ನಾಲ್ಕು ಜನ ಗುರುತಿಸಿದರು, ಹೊಣೆ ನನಗೇ ಬಿಟ್ಟರು ಎಂಬುದರಿಂದ ಹುರುಪು ಬರುತ್ತದೆ ಎಂಬುದು ಅವರ ತಾತ್ಪರ್ಯ. ಆಮೇಲಿನ ಪಂಡಿತರು ಇದನ್ನು ಬಹಳ ಎಳೆದಾಡಿದ್ದಾರೆ. ನಮಗೆ ಕಾಣುವುದಿಷ್ಟು: ಹೊಲಕ್ಕೆ ನೀರು ಬೇಕೇ ಬೇಕು, ಆದರೆ ಬೀಜ ಬಿತ್ತದೆ ನೀರು ಹಾಯಿಸಿದರೆ ಬರುವುದು ಕಳೆ.

ಇನ್ನು ಕಾವಲಿನ ವಿಚಾರ. ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಪರಿಹಾರವೆಂದರೆ, "ಹೆಬ್ಬೆಟ್ಟಿನ ಮಿಷನ್ ಇಡಬೇಕು, ಆಗ ಬುದ್ಧಿ ಕಲೀತಾರೆ" ಎಂಬುದು. ನಮ್ಮ ಕರ್ನಾಟಕದಲ್ಲೇ ಇದನ್ನು ಮಾಡಿ ನೋಡಿದ್ದಾರೆ. 2010ರ ಸುಮಾರಿಗೆ ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆಯ್ದುಕೊಂಡು, ಅವುಗಳಲ್ಲಿ 140 ಕಡೆ ಬೆರಳಚ್ಚಿನ ಯಂತ್ರ ಇಟ್ಟು, ಉಳಿದ ಕಡೆ ಇಡದೆ ಹೋಲಿಸಿದರು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಬರೆದಿಟ್ಟಿದ್ದಾರೆ. ನರ್ಸು, ಔಷಧಿ ಕೊಡುವವರು, ಪ್ರಯೋಗಾಲಯದವರು ಮುಂಚಿಗಿಂತ ಹೆಚ್ಚು ದಿನ ಬಂದರು. ಆ ಭಾಗದಲ್ಲಿ ಕಡಿಮೆ ತೂಕದ ಕೂಸುಗಳು ಹುಟ್ಟುವುದು ತಗ್ಗಿತು. ಯಂತ್ರ ದಂಡ ಎಂದು ನಾವು ಹೇಳುವಂತಿಲ್ಲ. ಒಂದು ಕೂಸಿನ ತೂಕ ಸಣ್ಣ ಮಾತಲ್ಲ. ಆದರೆ ಡಾಕ್ಟರರ ಹಾಜರಿ? ಅದು ಬದಲಾಗಲೇ ಇಲ್ಲ. ಬಾರದವರ ಸಂಬಳ, ರಜೆ ಕಡಿತಗೊಳಿಸುವ ಮಾತು ಕಾಗದದಲ್ಲೇ ಉಳಿಯಿತು. ಹಳ್ಳಿಗೆ ಬರಲು ಒಪ್ಪುವ ಡಾಕ್ಟರು ಸಿಗುವುದೇ ಕಷ್ಟವಾದ್ದರಿಂದ ಬಿಗಿ ಮಾಡಲು ಮೇಲಿನವರಿಗೂ ಧೈರ್ಯ ಸಾಲಲಿಲ್ಲ. ಕಾವಲಿಟ್ಟ ಕೇಂದ್ರಗಳ ಸಿಬ್ಬಂದಿಗೆ ಕೆಲಸದ ಮೇಲಿನ ತೃಪ್ತಿಯೂ ಕಡಿಮೆಯಾಯಿತು.

ಕೆಳಗಿನವನಿಗೆ ಹೆಬ್ಬೆಟ್ಟು, ಮೇಲಿನವನಿಗೆ ರಿಯಾಯಿತಿ. ಇದನ್ನು ನರ್ಸಮ್ಮ ನೋಡುವುದಿಲ್ಲವೇ? ಅವಳು ಬಂದಳು, ನಿಜ. ಬಂದವಳ ಮನಸ್ಸು ಎಷ್ಟು ದಿನ ಬರುತ್ತಿರುತ್ತದೆ? ಯಂತ್ರಕ್ಕೆ ಬೆರಳಿನ ಗೆರೆ ಗೊತ್ತಾಗುತ್ತದೆ, ಬಾಣಂತಿಯ ಹಣೆ ಮುಟ್ಟಿ ಜ್ವರ ನೋಡಿದಳೋ ಇಲ್ಲವೋ ಗೊತ್ತಾಗುವುದಿಲ್ಲ.

ಮೇಷ್ಟ್ರುಗಳ ಕಥೆಯೂ ಹೀಗೆಯೇ. 2003ರಲ್ಲಿ ದೇಶದಾದ್ಯಂತ ಹೇಳದೆ ಕೇಳದೆ ಶಾಲೆಗಳಿಗೆ ಹೋಗಿ ನೋಡಿದಾಗ ಸರ್ಕಾರಿ ಶಾಲೆಯ ನಾಲ್ವರು ಶಿಕ್ಷಕರಲ್ಲಿ ಒಬ್ಬರು ಇರಲಿಲ್ಲ ಎಂಬ ಸಂಗತಿ ಬಹಳ ಸದ್ದು ಮಾಡಿತು. ಅಂದಿನಿಂದ ಮೇಷ್ಟ್ರು ಎಂದರೆ ಕಳ್ಳ ಎಂಬಂತೆ ಮಾತಾಡುವುದು ರೂಢಿಯಾಯಿತು. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿತು. ತರಗತಿಯಲ್ಲಿ ಇಲ್ಲದವರು ನೂರಕ್ಕೆ 18.5, ಆದರೆ ಕಾರಣವಿಲ್ಲದೆ ತಪ್ಪಿಸಿಕೊಂಡವರು 2.5 ಮಾತ್ರ. ಉಳಿದವರು ರಜೆಯ ಮೇಲೋ, ತರಬೇತಿಗೋ, ಇಲಾಖೆ ಹೇಳಿದ ಇನ್ಯಾವುದೋ ಕೆಲಸಕ್ಕೋ ಹೋದವರು. ಜನಗಣತಿ ಮಾಡು, ಚುನಾವಣೆ ಪಟ್ಟಿ ತಿದ್ದು, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಬರೆ ಎಂದು ಕಳುಹಿಸಿ, ಪಾಠ ಏಕೆ ಮಾಡಲಿಲ್ಲ ಎಂದು ಗದರಿಸಿದರೆ, ಪಾಠ ಮಾಡಬೇಕೆಂದೇ ಬಂದವನಿಗೆ ಏನನ್ನಿಸಬೇಡ? ತಾನು ಯಾವುದಕ್ಕಾಗಿ ಬಂದೆನೋ ಅದನ್ನು ಬಿಟ್ಟು ಮಿಕ್ಕೆಲ್ಲ ಮಾಡಬೇಕಾದವನ ಉತ್ಸಾಹ ಬೇಗ ಆರುತ್ತದೆ. ಮೊದಲಿನಿಂದಲೂ ಉತ್ಸಾಹ ಇಲ್ಲದವನು ಮಾತ್ರ ಅಲ್ಲಿ ಸುಖವಾಗಿರುತ್ತಾನೆ.

ಕೆಲಸಕ್ಕೆ ಮನಸ್ಸು ಕೊಡುವುದೆಂದರೆ ಏನೆಂಬುದನ್ನು ಶಾಸ್ತ್ರವಾಗಿ ಮೊದಲು ವಿವರಿಸಿದವರು ವಿಲಿಯಂ ಕಾನ್ ಎಂಬ ಪ್ರಾಧ್ಯಾಪಕರು, 1990ರಲ್ಲಿ. ಒಂದು ಬೇಸಿಗೆ ಶಿಬಿರದವರನ್ನು, ಒಂದು ಕಟ್ಟಡ ನಕ್ಷೆ ತಯಾರಿಸುವ ಸಂಸ್ಥೆಯವರನ್ನು ಮಾತಾಡಿಸಿ ಅವರು ಮೂರು ಸಂಗತಿ ಕಂಡುಕೊಂಡರು. ಮಾಡುವ ಕೆಲಸಕ್ಕೆ ಅರ್ಥವಿದೆ ಅನ್ನಿಸಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ತಪ್ಪಾದದ್ದನ್ನು ಒಪ್ಪಿಕೊಂಡರೆ ತನಗೆ ಕೇಡಾಗದೆಂಬ ನಂಬಿಕೆ ಇರಬೇಕು. ಮೂರನೆಯದಾಗಿ, ಮೈಯಲ್ಲಿ ಮನಸ್ಸಿನಲ್ಲಿ ತ್ರಾಣ ಉಳಿದಿರಬೇಕು. ನಮ್ಮ ಕಡೆ ಹೆಚ್ಚಾಗಿ ಕೆಡುವುದು ಎರಡನೆಯದು. ಕೆಳಗಿನವನು ತಪ್ಪು ಹೇಳಿಕೊಂಡರೆ ಬೈಗುಳ, ಮುಚ್ಚಿಟ್ಟರೆ ಶಾಂತಿ. ಹೀಗಿರುವಾಗ ಯಾವ ಜಾಣ ಹೇಳುತ್ತಾನೆ? ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಕೆಲಸಗಾರನ ತಲೆಯ ಮೇಲೆ ಒಂದು ಹಗ್ಗ ಕಟ್ಟಿರುತ್ತಿದ್ದರು. ಏನೋ ಎಡವಟ್ಟು ಕಂಡರೆ ಅವನು ಅದನ್ನು ಎಳೆಯಬಹುದು. ಮೇಲಿನವನು ಓಡಿ ಬರಬೇಕು, ಬೇಗ ಸರಿಯಾಗದಿದ್ದರೆ ಕೆಲಸದ ಸಾಲೇ ನಿಲ್ಲುತ್ತದೆ. ನಮ್ಮ ಎಷ್ಟೋ ಕಛೇರಿಗಳಲ್ಲಿ ಅಂಥ ಹಗ್ಗ ಕಟ್ಟಿದರೆ ಎಳೆದವನ ಕೊರಳಿಗೇ ಅದು ಬೀಳಬಹುದು.

ಮೂರನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಅವರು ಸ್ವತಃ ದುಡಿದು ಕಟ್ಟಿದವರು, ಅವರ ಮಾತಿಗೆ ತೂಕವಿದೆ. ಆದರೆ ತಾನು ಕಟ್ಟುವ ಮನೆಗೆ ಹಗಲಿರುಳು ಕಲ್ಲು ಹೊರುವುದು ಬೇರೆ, ಪರರ ಮನೆಗೆ ಹೊರುವುದು ಬೇರೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿದ್ದು ಸೋಮಾರಿಗಳನ್ನು ಸಾಕುವುದಕ್ಕಲ್ಲ. ನೊಗ ಇಳಿಸದೆ ಹೂಡಿದ ಎತ್ತು ಮೂರನೆಯ ದಿನ ಮಲಗಿಬಿಡುತ್ತದೆಂದು ನಿಮಗೆ ತಿಳಿಯದೇ?

ಕಾಯಕದ ಮಾತಿಗೆ ಬರುತ್ತೇವೆ. ಇಷ್ಟು ಹೊತ್ತು ಅದನ್ನೆತ್ತದೆ ಇದ್ದದ್ದು ಬೇಕೆಂದೇ. ಈಚೆಗೆ ಕಾಯಕ ಎಂಬ ಪದವನ್ನು ಹೆಚ್ಚು ಬಳಸುವವರು ದುಡಿಯುವವರಲ್ಲ, ದುಡಿಸುವವರು. ಗೋಡೆಯ ಮೇಲೆ ಬರೆಸುತ್ತಾರೆ, ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುತ್ತಾರೆ. ಸಂಬಳ ಹೆಚ್ಚಿಸಿ ಎಂದು ಬಂದವನಿಗೆ, "ಕೆಲಸವನ್ನು ಪೂಜೆ ಎಂದು ತಿಳಿಯಪ್ಪಾ" ಎನ್ನುತ್ತಾರೆ. 1956ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧದ ನೆತ್ತಿಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಒಳ್ಳೆಯ ಮಾತು. ಅದನ್ನು ದಿನಾ ಓದಿಕೊಂಡು ಒಳಗೆ ಹೋಗುವವರು ಯಾರು, ಆ ದೇವರ ಕೆಲಸವನ್ನು ಹಳ್ಳಿಯಲ್ಲಿ ಗೌರವಧನಕ್ಕೆ ಮಾಡುವವರು ಯಾರು ಎಂದೂ ಕೇಳಬೇಕಾಗುತ್ತದೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯ ತಾಯಂದಿರು ಇವರಿಗೆ ಕೊಡುವುದಕ್ಕೆ ಸಂಬಳವೆಂದು ಹೆಸರಿಲ್ಲ. ಸೇವೆ ಎಂಬ ದೊಡ್ಡ ಹೆಸರು ಕೊಟ್ಟು ಸಣ್ಣ ಹಣ ಕೊಡುವ ಉಪಾಯ ಇದು. ಅಂಗನವಾಡಿಯವರಿಗೆ ಗ್ರಾಚ್ಯುಟಿ ಪಡೆಯುವ ಹಕ್ಕಿದೆ ಎಂದು ಹೇಳಲು 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಆ ಯೋಜನೆ ಶುರುವಾದದ್ದು 1975ರಲ್ಲಿ!

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕ ಒಂಟಿಯಾಗಿ ನಡೆಯಲಿಲ್ಲ. ಅದರ ಜೊತೆಗೆ ದಾಸೋಹವಿತ್ತು, ಅಂದರೆ ದುಡಿದದ್ದು ಒಬ್ಬನ ಕಣಜ ಸೇರುವಂತಿರಲಿಲ್ಲ. ಜೊತೆಗೆ ಅನುಭವ ಮಂಟಪವಿತ್ತು. ಅಲ್ಲಿ ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಬಿದಿರು ಸೀಳುವ ಕೇತಯ್ಯ ಇವರೆಲ್ಲ ಮಂತ್ರಿಯಾಗಿದ್ದ ಬಸವಣ್ಣನವರ ಎದುರು ಕೂತು ಮಾತಾಡಿದರು. ಚೌಡಯ್ಯನವರ ಮಾತು ಎಷ್ಟು ಖಾರವಾಗಿತ್ತೆಂದು ಬಲ್ಲವರು ಬಲ್ಲರು. ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ. ಮಾತಿನ ಈ ಹಕ್ಕನ್ನೂ ಪಾಲಿನ ಈ ನ್ಯಾಯವನ್ನೂ ಕತ್ತರಿಸಿ ಬಿಸಾಡಿ, ದುಡಿಮೆಯೊಂದನ್ನೇ ಉಳಿಸಿಕೊಂಡರೆ ಅದನ್ನು ಕಾಯಕ ಎನ್ನಲು ಬರುವುದಿಲ್ಲ. ಅದಕ್ಕೆ ಹಳೆಯ ಕನ್ನಡದಲ್ಲೇ ಬೇರೆ ಹೆಸರಿದೆ: ಬಿಟ್ಟಿ.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಲಕ್ಕಮ್ಮ ಗಂಡನನ್ನು ತಡೆದು, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದರು. ಇದನ್ನು ಸಾಮಾನ್ಯವಾಗಿ ಅತಿಯಾಸೆಯ ವಿರುದ್ಧದ ಪಾಠವಾಗಿ ಹೇಳುತ್ತಾರೆ, ಅದು ಸರಿಯೇ. ನಮಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಎಷ್ಟು ದುಡಿಯಬೇಕು, ಎಷ್ಟು ಸಾಕು ಎಂಬುದನ್ನು ಆ ದಂಪತಿಗಳು ತಾವೇ ನಿರ್ಧರಿಸುತ್ತಿದ್ದರು. ಅವರ ಮೇಲೆ ಮೇಸ್ತ್ರಿ ಇರಲಿಲ್ಲ, ಅಳತೆಗೋಲು ಅವರ ಕೈಯಲ್ಲೇ ಇತ್ತು. ಹೆಂಡತಿ ಗಂಡನ ಕೆಲಸದ ತಪ್ಪು ಹೇಳಿದಳು, ಗಂಡ ಕೇಳಿದ. ಕ್ಯಾಲಿಕೊ ಮಿಲ್ಲಿನ ಆ ಏಳು ಮಂದಿಯ ಗುಂಪಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ ಜಾತಿಯದು.

ಗ್ಯಾಲಪ್ ಎಂಬ ಅಮೆರಿಕದ ಸಂಸ್ಥೆ ಜಗತ್ತಿನ ಕೆಲಸಗಾರರನ್ನು ವರ್ಷವರ್ಷವೂ ಕೇಳುತ್ತದೆ. 2024ರ ಅದರ ಲೆಕ್ಕದಲ್ಲಿ ಮನಸ್ಸಿಟ್ಟು ದುಡಿಯುವವರು ನೂರಕ್ಕೆ 21 ಮಂದಿ. ಮನಸ್ಸನ್ನು ಹೀಗೆ ತಕ್ಕಡಿಯಲ್ಲಿಟ್ಟು ತೂಗಬಹುದೇ ಎಂಬ ಅನುಮಾನ ನಮಗಿದೆ. ಆದರೆ ಅದೇ ಸಂಸ್ಥೆ ಹೇಳುವ ಇನ್ನೊಂದು ಮಾತನ್ನು ಒಪ್ಪಲು ನಮಗೆ ಅಡ್ಡಿಯಿಲ್ಲ: ಒಂದು ತಂಡ ಮನಸ್ಸಿಟ್ಟು ದುಡಿಯುತ್ತದೆ, ಇನ್ನೊಂದು ದುಡಿಯುವುದಿಲ್ಲ ಎಂಬ ವ್ಯತ್ಯಾಸದ ಬಹುಪಾಲು ಬರುವುದು ನೇರ ಮೇಲಿನವನಿಂದ. ದೂರದ ದೊಡ್ಡ ಸಾಹೇಬನಿಂದಲ್ಲ, ದಿನಾ ಮುಖ ನೋಡುವ ಸಣ್ಣ ಸಾಹೇಬನಿಂದ. 1928ರಿಂದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 20 ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿದರು. ಎಷ್ಟೋ ಮಂದಿ ತಮ್ಮ ಕಷ್ಟಕ್ಕೆ ಏನೂ ಪರಿಹಾರ ಸಿಗದಿದ್ದರೂ, ಯಾರೋ ಕೂತು ಕೇಳಿದರಲ್ಲ ಎಂಬುದಕ್ಕೇ ಹಗುರಾದರಂತೆ.

ಇಲ್ಲಿ ಓದುತ್ತಿರುವ ಹಿರಿಯರು, ಇದೆಲ್ಲ ಮಿಲ್ಲಿನವರಿಗೆ, ಕಂಪನಿಯವರಿಗೆ ಹೇಳುವ ಮಾತು, ನಮಗೇನು ಎಂದುಕೊಳ್ಳಬಹುದು. ನಿಮ್ಮಲ್ಲಿ ಎಷ್ಟು ಮಂದಿ ಹಾಲಿನ ಡೇರಿಯ ನಿರ್ದೇಶಕರು? ಎಷ್ಟು ಮಂದಿ ಪತ್ತಿನ ಸಂಘದಲ್ಲಿ, ಶಾಲೆಯ ಸಮಿತಿಯಲ್ಲಿ, ದೇವಸ್ಥಾನದ ಟ್ರಸ್ಟಿನಲ್ಲಿ ಇದ್ದೀರಿ? ಮಠಗಳು ನಡೆಸುವ ಶಾಲೆ, ಕಾಲೇಜು, ಹಾಸ್ಟೆಲುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಧರ್ಮದ ಹೆಸರಿನ ಸಂಸ್ಥೆಯೆಂದು ಯಾವ ಮೇಷ್ಟ್ರ ಮನೆಯ ಬಾಡಿಗೆಯೂ ಕಡಿಮೆಯಾಗುವುದಿಲ್ಲ. ತಿಂಗಳ ಮೊದಲ ವಾರ ಪಗಾರ ಕೈಗೆ ಬರದಿದ್ದರೆ, ಬೆಳಗಿನ ಪ್ರಾರ್ಥನೆಯಲ್ಲಿ ಅವನ ದನಿ ಕುಗ್ಗುವುದು ನಾಸ್ತಿಕತೆಯಲ್ಲ. ಅನುದಾನ ಬಂದಿಲ್ಲ ಎಂಬ ಉತ್ತರ ಒಂದು ತಿಂಗಳಿಗೆ ನಡೆದೀತು. ಪ್ರತಿ ತಿಂಗಳೂ ಅದನ್ನೇ ಹೇಳುವ ಆಡಳಿತ ಮಂಡಳಿ, ಶಿಕ್ಷಕರ ದಿನಾಚರಣೆಗೆ ಶಾಲು ಕೊಳ್ಳುವ ಹಣವನ್ನು ಎಲ್ಲಿಂದ ತರುತ್ತದೆ?

ಡೇರಿಯ ಮಾತನ್ನೇ ತೆಗೆದುಕೊಳ್ಳಿ. ಬೆಳಗಿನ ಐದೂವರೆಗೆ ಬಾಗಿಲು ತೆಗೆದು, ಕ್ಯಾನು ತೊಳೆದು, ಹಾಲಿನ ಜಿಡ್ಡು ನೋಡಿ, ಬರೆದು, ನೀರು ಬೆರೆಸಿದವರ ಹತ್ತಿರ ಜಗಳವಾಡಿ, ಸಂಜೆ ಮತ್ತೆ ಅದನ್ನೇ ಮಾಡುವವನು ಒಬ್ಬ ಹುಡುಗ. ಜಿಡ್ಡು ಕಡಿಮೆ ಬಂತೆಂದರೆ ಬೈಗುಳ ಅವನಿಗೆ, ಸಂಘಕ್ಕೆ ಬಹುಮಾನ ಬಂದರೆ ಫೋಟೋ ಅಧ್ಯಕ್ಷರದು. ಹಾಲು ಅಳೆಯುವ ಹೊತ್ತನ್ನು ಕಾಲು ಗಂಟೆ ಆಚೀಚೆ ಮಾಡಿದರೆ ಸಾಲು ಕರಗುತ್ತದೆಂದು ಅವನಿಗೆ ಗೊತ್ತಿರುತ್ತದೆ. ಯಾವ ಮನೆಯ ಹಾಲು ಯಾವ ದಿನ ಒಡೆಯುತ್ತದೆಂದೂ, ಯಾವ ರಾಸಿಗೆ ಕೆಚ್ಚಲು ಬೇನೆ ಬಂದಿರಬಹುದೆಂದೂ ಡಾಕ್ಟರಿಗಿಂತ ಮೊದಲು ಅವನಿಗೆ ತಿಳಿಯುತ್ತದೆ. ಈ ವರ್ಷದ ಮಹಾಸಭೆಯ ಕಾರ್ಯಸೂಚಿಯಲ್ಲಿ ಬೋನಸ್ಸಿನ ವಿಷಯವಿರುತ್ತದೆ, ಪಶು ಆಹಾರದ ವಿಷಯವಿರುತ್ತದೆ, ಕಟ್ಟಡದ ಸುಣ್ಣಬಣ್ಣದ ವಿಷಯವಿರುತ್ತದೆ. ಆ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, "ಏನಪ್ಪಾ, ಈ ಡೇರಿ ಹೆಂಗೆ ನಡೆಸಿದ್ರೆ ಚೆಂದಾಗಿರ್ತೈತೆ, ನೀನು ಹೇಳು" ಎಂದು ಕೇಳುವ ಕಲಮು ಎಷ್ಟನೆಯದು?